ವಿ.ಆರ್. ಹೆಡ್‌ಸೆಟ್ಟೂ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳೂ

ತುಮಕೂರಿನ ಶಿರಾ ಗೇಟಿನಿಂದ ಉತ್ತರಕ್ಕೆ ಹೊರಡುವ ಹೆದ್ದಾರಿಯು ಸುಮಾರು 50 ಕಿಲೋಮೀಟರು ದೂರದಲ್ಲಿ ಶಿರಾ ಪಟ್ಟಣವನ್ನು ಮುಟ್ಟುವುದು. ಅಲ್ಲಿಯ ಮಲಿಕ್ ರಿಹಾನನ ಗೋರಿ 1651ರದು. ಜುಮ್ಮಾ ಮಸೀದಿ 1696ರದು. ಇಂತಹ ಕಟ್ಟಡಗಳನ್ನು ಎಲ್ಲ ದಿಕ್ಕುಗಳಿಂದಲೂ ಛಾಯಾಚಿತ್ರ ತೆಗೆದು, ಆ ಚಿತ್ರಗಳಿಂದಲೇ ಅಳತೆಗಳನ್ನು ಕೂಡಿಸಿ, ವಿ.ಆರ್. ಹೆಡ್‌ಸೆಟ್ಟನ್ನು ತಲೆಗೆ ಕಟ್ಟಿಕೊಂಡ ವಿದ್ಯಾರ್ಥಿಯು ತರಗತಿಯಲ್ಲಿದ್ದುಕೊಂಡೇ ಅವುಗಳ ನಡುವೆ ಸುಳಿದಾಡುವಂತೆ ಮಾಡುವುದು ಈಗ ಸಾಧ್ಯವಾಗಿದೆ. ಈ ಮಾರ್ಗದಲ್ಲಿ ನಮ್ಮ ನಾಡಿಗೆ ಮೇಲ್ಪಂಕ್ತಿಯಾದುದು ಹಂಪೆ. 2006ರಲ್ಲಿ ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬವರು ಹಂಪೆಯ ದೃಶ್ಯಗಳನ್ನು ಸುತ್ತುಪರದೆಯ ಮೇಲೆ ಘನರೂಪದಲ್ಲಿ ತೋರಿಸಿದರು. ಅದರಲ್ಲಿ ಹೆಡ್‌ಸೆಟ್ಟಿರಲಿಲ್ಲ, ಕನ್ನಡಕವಷ್ಟೆ ಸಾಕಾಗಿತ್ತು. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ನಡೆದ ಬೇರೊಂದು ಕಾರ್ಯದ ಫಲಗಳು 2017ರಲ್ಲಿ ‘ಡಿಜಿಟಲ್ ಹಂಪಿ’ ಎಂಬ ಗ್ರಂಥವಾಗಿ ಪ್ರಕಟವಾದುವು.

ಹೀಗೆ ಸಂಗ್ರಹಿಸಿದುದನ್ನು ಮೂವತ್ತು ವರ್ಷಗಳ ತರುವಾಯ ನೋಡಬಲ್ಲವರಾರು? ತಾಳೆಯೋಲೆಯನ್ನು ಓದುವುದಕ್ಕೆ ಅದನ್ನು ಮಾರಿದವನ ಅಪ್ಪಣೆ ಬೇಕಿಲ್ಲ. ಹೆಡ್‌ಸೆಟ್ಟಿನ ವಿಷಯದಲ್ಲಿ ಹಾಗಲ್ಲವೆಂಬುದು ಅದರ ಈಚಿನ ಚರಿತ್ರೆಯಿಂದ ವ್ಯಕ್ತವಾಗುತ್ತದೆ.

ಎರಡು ಕಣ್ಣುಗಳಿಗೆ ಎರಡು ಚಿತ್ರಗಳನ್ನೊಡ್ಡಿ ಆಳದ ಭಾವನೆ ಹುಟ್ಟಿಸುವ ತತ್ತ್ವವನ್ನು ವೀಟ್‌ಸ್ಟನನು 1838ರಲ್ಲಿಯೇ ನಿರೂಪಿಸಿದ್ದನು. ತಲೆಯ ಚಲನೆಯೊಡನೆ ಚಿತ್ರವೂ ಬದಲಾಗುವ ಯಂತ್ರವನ್ನು 1968ರಲ್ಲಿ ಐವಾನ್ ಸದರ್ಲೆಂಡನು ತೋರಿಸಿದನು. ಆ ಬದಲಾವಣೆಯು ಅತಿಶೀಘ್ರವಾಗಿ ನಡೆಯಬೇಕಾದುದರಲ್ಲಿಯೇ ಕಷ್ಟವಿರುವುದು. ಸೆಕೆಂಡಿಗೆ 90 ಚಿತ್ರಗಳನ್ನು ಬರೆಯುವ ಹೆಡ್‌ಸೆಟ್ಟಿನಲ್ಲಿ ಒಂದೊಂದು ಚಿತ್ರಕ್ಕೂ ದೊರೆಯುವ ಕಾಲ ಸುಮಾರು 11 ಮಿಲಿಸೆಕೆಂಡು ಮಾತ್ರ. ಅದು ತಪ್ಪಿದರೆ ನೋಡುವವನಿಗೆ ತಲೆ ಸುತ್ತುವುದು. ಇಷ್ಟರೊಳಗೆ ಕಂಪ್ಯೂಟರು ಯಂತ್ರವು ಕಳುಹಿಸುವ ಸಂಕೇತಗಳನ್ನು ಅರ್ಥಮಾಡಿಕೊಳ್ಳಬೇಕು, ಮಸೂರದ ವಕ್ರತೆಯನ್ನು ಲೆಕ್ಕಹಾಕಿ ಚಿತ್ರವನ್ನು ತಿದ್ದಬೇಕು. ಈ ಸಂಕೇತಗಳ ಕ್ರಮವನ್ನು ತಯಾರಕನು ಗುಟ್ಟಾಗಿಟ್ಟರೆ, ಅವನು ಒಪ್ಪಿದ ಕಾರ್ಯಾಚರಣ ವ್ಯವಸ್ಥೆಯಲ್ಲಲ್ಲದೆ ಬೇರೆಡೆ ಆ ಯಂತ್ರ ಕುರುಡು.

1991ರಲ್ಲಿ ಲಿನಸ್ ಟೋರ್ವಾಲ್ಡ್ಸನು ಆರಂಭಿಸಿದ ಲಿನಕ್ಸು ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ವ್ಯವಸ್ಥೆಯೆಂಬುದು ವಾಚಕರಿಗೆ ತಿಳಿದೇ ಇದೆ. ಆಕ್ಯುಲಸ್ ಸಂಸ್ಥೆಯು 2012ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿ, 2013ರಲ್ಲಿ ತನ್ನ ಮೊದಲ ಪ್ರಯೋಗಯಂತ್ರವನ್ನು ಹಂಚಿದಾಗ ಲಿನಕ್ಸಿಗೂ ಬೆಂಬಲವಿದ್ದಿತು. 2014ರಲ್ಲಿ ಸಂಸ್ಥೆ ಫೇಸ್‌ಬುಕ್ಕಿನ ವಶವಾಯಿತು. 2015ರ ಮೇ ತಿಂಗಳಲ್ಲಿ ಲಿನಕ್ಸಿನ ಕೆಲಸವನ್ನು ‘ಸದ್ಯಕ್ಕೆ’ ನಿಲ್ಲಿಸಿರುವುದಾಗಿ ಪ್ರಕಟಣೆ ಹೊರಟಿತು. 2016ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರವು ವಿಂಡೋಸ್ ಒಂದಕ್ಕೇ ಮೀಸಲಾಗಿದ್ದಿತು. ‘ಸದ್ಯಕ್ಕೆ’ ಎಂಬ ಪದದ ಅರ್ಥವ್ಯಾಪ್ತಿಯನ್ನು ನಿಘಂಟುಕಾರರು ಇನ್ನೊಮ್ಮೆ ಪರಿಶೀಲಿಸಬೇಕಾಗಬಹುದು.

ಬಳಿಕ ನಡೆದುದು ಲಿಪಿಶೋಧನೆಯಂತಹ ಕಾರ್ಯ. ಅಜ್ಞಾತ ಲಿಪಿಯ ಮುಂದೆ ಕುಳಿತ ಶಾಸನತಜ್ಞನಂತೆ, ಓಪನ್‌ಎಚ್‌ಎಂಡಿ ಮುಂತಾದ ಬಳಗಗಳವರು ಯಂತ್ರವು ತಂತಿಯ ಮೂಲಕ ಕಳುಹಿಸುವ ಅಂಕೆಗಳನ್ನು ಸಾಲುಸಾಲಾಗಿ ಬರೆದುಕೊಂಡು, ತಲೆಯನ್ನು ಎಡಕ್ಕೆ ತಿರುಗಿಸಿದಾಗ ಯಾವ ಅಂಕೆ ಬದಲಾಯಿತು, ಮೇಲಕ್ಕೆತ್ತಿದಾಗ ಯಾವುದು ಎಂದು ಹೋಲಿಸಿ ಅರ್ಥವನ್ನು ಬಿಡಿಸಿದರು. ತಯಾರಕರಲ್ಲಿಯೂ ವಾಲ್ವ್ ಸಂಸ್ಥೆಯು ಭಿನ್ನವಾಗಿ ನಡೆದುಕೊಂಡಿತು. 2017ರ ಫೆಬ್ರವರಿಯಲ್ಲಿ ಅದು ತನ್ನ ಸ್ಟೀಮ್‌ವಿಆರ್ ತಂತ್ರಾಂಶವನ್ನು ಲಿನಕ್ಸಿಗೆ ಪ್ರಯೋಗಾರ್ಥವಾಗಿ ಕೊಟ್ಟಿತು. ಆದರೆ ಲಿನಕ್ಸಿನೊಳಗೇ ಒಂದು ತೊಡಕಿದ್ದಿತು. ಹೆಡ್‌ಸೆಟ್ಟನ್ನು ಅದು ಎರಡನೆಯ ಮಾನಿಟರೆಂದು ಭಾವಿಸಿ, ಮೇಜಿನ ಮೇಲಿನ ಕಿಟಕಿಗಳನ್ನೆಲ್ಲ ಎರಡು ಕಣ್ಣುಗಳ ಮೇಲೂ ಹರಡಿಬಿಡುತ್ತಿದ್ದಿತು! ಕೀತ್ ಪ್ಯಾಕರ್ಡ್ ಎಂಬವರು ವಾಲ್ವಿನ ನೆರವಿನಿಂದ ಇದಕ್ಕೊಂದು ಪರಿಹಾರ ಕಂಡರು: ಪರದೆಯ ಒಡೆತನ ವ್ಯವಸ್ಥೆಯದೇ, ಆದರೆ ಹೆಡ್‌ಸೆಟ್ಟಿನ ಭಾಗವನ್ನು ಚಿತ್ರ ಬರೆಯುವ ತಂತ್ರಾಂಶಕ್ಕೆ ಗುತ್ತಿಗೆ ಕೊಡುವುದು. ಇದಕ್ಕೆ ಬೇಕಾದ ಏರ್ಪಾಡು 2018ರ ಜನವರಿಯಲ್ಲಿ ಬಂದ ಲಿನಕ್ಸಿನ 4.15ನೆಯ ಆವೃತ್ತಿಯಲ್ಲಿ ಸೇರಿತು. ಹೊಲದ ಗುತ್ತಿಗೆಯನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾದುದಿಲ್ಲ.

2019ರ ಜುಲೈಯಲ್ಲಿ ಕ್ರೋನೋಸ್ ಕೂಟವು ಓಪನ್‌ಎಕ್ಸ್‌ಆರ್ ಎಂಬ ಸಮಾನ ನಿಯಮಾವಳಿಯ ಮೊದಲ ಆವೃತ್ತಿಯನ್ನು ಪ್ರಕಟಿಸಿತು. ಅದನ್ನನುಸರಿಸುವ ಮೊನಾಡೊ ಎಂಬ ಮುಕ್ತ ತಂತ್ರಾಂಶವನ್ನು ಕೊಲಾಬೊರಾ ಸಂಸ್ಥೆ ಅದೇ ವರ್ಷದ ಮಾರ್ಚಿಯಲ್ಲಿ ಹೊರತಂದಿದ್ದಿತು. ಇದರ ಬೆಲೆ ತಿಳಿದುದು ಕೆಲವು ವರ್ಷಗಳ ಮೇಲೆ. 2017ರಿಂದ ಹಲವು ಕಂಪನಿಗಳು ಮಾರಿದ್ದ ‘ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ’ ಹೆಡ್‌ಸೆಟ್ಟುಗಳನ್ನು ಮೈಕ್ರೋಸಾಫ್ಟು 2023ರಲ್ಲಿ ಕೈಬಿಡುವುದಾಗಿ ಸಾರಿ, 2024ರ ವಿಂಡೋಸ್ ಆವೃತ್ತಿಯಿಂದ ಅವುಗಳ ಬೆಂಬಲವನ್ನು ತೆಗೆದುಹಾಕಿತು. ಕೆಡದ ಯಂತ್ರಗಳು ಒಂದು ಪ್ರಕಟಣೆಯಿಂದ ನಿರುಪಯುಕ್ತವಾದುವು. ಯಾವ ಲಿನಕ್ಸಿಗೆ ಅವು ಉದ್ದೇಶಿತವೇ ಆಗಿರಲಿಲ್ಲವೋ ಅಲ್ಲಿ ಮೊನಾಡೊ ಅವುಗಳನ್ನು ನಡೆಯಿಸುತ್ತಿದ್ದಿತು. ಮೆಟಾ ಸಂಸ್ಥೆಯ ಕ್ವೆಸ್ಟ್ ಯಂತ್ರಗಳಲ್ಲಂತೂ ಒಳಗೆ ಓಡುವುದು ಆಂಡ್ರಾಯ್ಡು, ಅಂದರೆ ಅದರ ತಿರುಳಾದ ಲಿನಕ್ಸೇ; ಹೊರಗಿನ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಲು ಮಾತ್ರ ಮೆಟಾ ತಂತ್ರಾಂಶ ಒದಗಿಸಿಲ್ಲ. ಎಎಲ್‌ವಿಆರ್, ವೈವಿಆರ್‌ಎನ್ ಎಂಬ ಮುಕ್ತ ತಂತ್ರಾಂಶಗಳು ಆ ಕೊರತೆಯನ್ನು ತುಂಬುತ್ತಿವೆ.

ಕನ್ನಡಿಗರಿಗೆ ಈ ಕಥೆ ಹೊಸದಲ್ಲ. 1990ರ ದಶಕದಲ್ಲಿ ಒಂದೊಂದು ತಂತ್ರಾಂಶದ ಫಾಂಟಿಗೂ ಒಂದೊಂದು ಸಂಕೇತಕ್ರಮವಿದ್ದು, ಒಂದರಲ್ಲಿ ಬರೆದ ಲೇಖನವು ಇನ್ನೊಂದರಲ್ಲಿ ಕಲಸಿದ ಚಿಹ್ನೆಗಳಾಗಿ ಕಾಣುತ್ತಿದ್ದಿತು. ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಇಂದು ಡೆಬಿಯನ್ ಎಂಬ ಲಿನಕ್ಸ್ ಸಂಗ್ರಹದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳಿವೆ. ಗುಬ್ಬಿಯೆಂದೊಡನೆ ತುಮಕೂರು ಸೀಮೆಯವರಿಗೆ ವೀರಣ್ಣನವರ ಊರು ನೆನಪಾಗುವುದು ಸಹಜ. ಜೊತೆಯ ಹೆಸರನ್ನು ನೋಡಿದರೆ ಹಕ್ಕಿಯೇ ಉದ್ದಿಷ್ಟವೆಂದು ತೋರುತ್ತದೆ.

ಎರಡು ಬಗೆಯ ಬೆಂಬಲಗಳೂ ಈಗ ಒಂದೆಡೆ ಕೂಡಿವೆ. ಆಟಗಳನ್ನೂ ದೃಶ್ಯಲೋಕಗಳನ್ನೂ ಕಟ್ಟುವ ಗೋಡೋ ಎಂಬ ಮುಕ್ತ ತಂತ್ರಾಂಶದ 4ನೆಯ ಆವೃತ್ತಿಯು 2023ರ ಮಾರ್ಚಿಯಲ್ಲಿ ಬಂದಾಗ, ಓಪನ್‌ಎಕ್ಸ್‌ಆರ್ ಅದರ ಒಡಲಿನಲ್ಲೇ ಸೇರಿದ್ದಿತು; ಭಾರತೀಯ ಲಿಪಿಗಳ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಕೂಡ ಸೇರಿದ್ದಿತು. ಹಂಪೆಯ ಒಂದು ಶಾಸನವನ್ನು ಹೆಡ್‌ಸೆಟ್ಟಿನೊಳಗೆ ತೋರಿಸುವವರು ಕಲ್ಲಿನ ಪಕ್ಕದಲ್ಲಿಯೇ ಅದರ ಪಾಠವನ್ನು ಕನ್ನಡದಲ್ಲಿ, ಒತ್ತಕ್ಷರಗಳು ಕಳಚಿ ಬೀಳದಂತೆ, ಈಗ ಇಡಬಹುದಾಗಿದೆ.