ಮಳೆನೀರಲ್ಲಿ ಈಜುವ ಕೊಳೆರೋಗ: ಐರ್ಲೆಂಡಿನಿಂದ ಮಲೆನಾಡಿನ ಅಡಿಕೆ ತೋಟದವರೆಗೆ

ನೀವು ಮಲೆನಾಡು ಅಥವಾ ಕರಾವಳಿ ಕಡೆಯವರಾಗಿದ್ರೆ, ಮೇ ತಿಂಗಳ ಕೊನೆಗೆ ಮನೆಗೆ ಫೋನ್ ಮಾಡಿದಾಗ ಈ ಮಾತು ಬಂದೇ ಬರುತ್ತೆ: "ಔಷಧಿ ಹೊಡೆದಾಯ್ತಾ? ಕೊನೆಗಾರ ಬಂದ್ನಾ?" ಆ ಔಷಧಿ ಅಂದ್ರೆ ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ನೀರು, ಇಷ್ಟೇ. ಆದರೆ ಆ ನೀಲಿ ನೀರು ನಮ್ಮ ಅಡಿಕೆ ಮರದ ತುದಿ ತಲುಪೋಕೆ ಒಂದು ಘೋರ ಬರಗಾಲ, ಫ್ರಾನ್ಸಿನ ದ್ರಾಕ್ಷಿ ಕಳ್ಳರು ಮತ್ತು ಕೆನಡಾದಿಂದ ಬಂದ ಒಬ್ಬ ವಿಜ್ಞಾನಿ, ಎಲ್ಲರೂ ಬೇಕಾಯ್ತು. ಇವತ್ತು ಆ ಕಥೆ ಕೇಳೋಣ.

ಮೊದಲು ರೋಗ ಏನು ಅಂತ ನೋಡೋಣ. ಮುಂಗಾರು ಹಿಡಿದು, ದಿನಗಟ್ಟಲೆ ಮಳೆ ಬಿಡದೆ ಸುರಿದು, ನಡುವೆ ಒಂದಿಷ್ಟು ಬಿಸಿಲು ಬಂತು ಅಂದ್ರೆ ಬೆಳೆಗಾರರಿಗೆ ಹೆದರಿಕೆ ಶುರು. ಎಳೆ ಅಡಿಕೆಯ ತೊಟ್ಟಿನ ಹತ್ತಿರ ನೀರಲ್ಲಿ ನೆನೆದಂಥ ಕಲೆ ಕಾಣಿಸುತ್ತೆ. ಕೆಲವೇ ದಿನಗಳಲ್ಲಿ ಹಸಿ ಕಾಯಿಗಳು ಮರದ ಬುಡದಲ್ಲಿ ರಾಶಿ ಬೀಳುತ್ತವೆ. ಅವುಗಳ ಮೇಲೆ ಬಿಳಿ ಬೂಸ್ಟು. ಇದೇ ಕೊಳೆರೋಗ. ಕರಾವಳಿಯಲ್ಲಿ ಮಹಾಳಿ ಅಂತಾರೆ. ಒಂದು ಮನೆಯ ಇಡೀ ವರ್ಷದ ಆದಾಯ ಕೆಲವೇ ವಾರಗಳಲ್ಲಿ ನೆಲ ಕಚ್ಚಬಹುದು. ರೋಗ ಸುಳಿಗೆ ಇಳಿದ್ರೆ ಮರವೇ ಹೋಗುತ್ತೆ.

ನಮ್ಮ ಹಿರಿಯರು ಇದನ್ನ ಸುಮ್ಮನೆ ನೋಡ್ತಾ ಕೂತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಮರ ಹತ್ತಿ, ಒಂದೊಂದು ಕೊನೆಗೂ ಛತ್ರಿ ಹಾಗೆ ಕಟ್ಟುತ್ತಿದ್ದರು. ಕಾಯಿ ಒದ್ದೆಯಾಗದಿದ್ರೆ ಕೊಳೆ ಬರಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಅನುಭವದ ಆ ಲೆಕ್ಕ ಸರಿಯಾಗೇ ಇತ್ತು. ಆದರೆ ಮಳೆನೀರಿನೊಳಗೆ ಕಣ್ಣಿಗೆ ಕಾಣದ ಇನ್ನೇನೋ ಇದೆ ಅನ್ನೋದು ಗೊತ್ತಿರಲಿಲ್ಲ.

ಆಗ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ ಬಿಡಿ. ಈಗ 1845ರ ಐರ್ಲೆಂಡಿಗೆ ಹೋಗೋಣ. ಅಲ್ಲಿನ ಬಡವರ ಹೊಟ್ಟೆ ತುಂಬಿಸುತ್ತಿದ್ದದ್ದು ಆಲೂಗಡ್ಡೆ. ಆ ವರ್ಷ ಗಿಡಗಳು ಕಪ್ಪಾಗಿ, ಗೆಡ್ಡೆಗಳು ಕೊಳೆತವು. ಮುಂದಿನ ವರ್ಷಗಳಲ್ಲೂ ಅದೇ ಕಥೆ. ಹಸಿವು ಮತ್ತು ಅದರ ಬೆನ್ನಿಗೇ ಬಂದ ಕಾಯಿಲೆಗಳಿಗೆ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟು ಹೋದರು. ಇಷ್ಟು ಜನ ಸಾಯೋಕೆ ರೋಗವೊಂದೇ ಕಾರಣ ಅಲ್ಲ, ಬ್ರಿಟಿಷ್ ಸರ್ಕಾರದ ನೀತಿಗಳದ್ದೂ ದೊಡ್ಡ ಪಾಲಿದೆ. ಆದರೆ ಶುರುವಾಗಿದ್ದು ಗಿಡದ ರೋಗದಿಂದ.

ಕೊಳೆತ ಗಿಡದ ಮೇಲೆ ಬೂಸ್ಟು ಇರೋದನ್ನ ಎಲ್ಲರೂ ನೋಡಿದ್ದರು. ಹೆಚ್ಚಿನ ಪಂಡಿತರ ವಾದ ಏನಂದ್ರೆ, ಕೆಟ್ಟ ಹವೆಯಿಂದ ಗಿಡ ಕೊಳೀತು, ಕೊಳೆತಿದ್ದಕ್ಕೆ ಬೂಸ್ಟು ಬಂತು. 1846ರಲ್ಲಿ ಮೈಲ್ಸ್ ಬರ್ಕ್ಲಿ ಎಂಬ ಇಂಗ್ಲೆಂಡಿನ ಪಾದ್ರಿ ಇದನ್ನ ತಿರುಗಿಸಿ ಹೇಳಿದ: ಬೂಸ್ಟು ಬಂದಿದ್ದಕ್ಕೇ ಗಿಡ ಕೊಳೀತು. ತುಂಬಾ ಜನ ಒಪ್ಪಲಿಲ್ಲ. 1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗ ಮಾಡಿ ಅದನ್ನ ಸಾಬೀತು ಮಾಡಿದ. 1876ರಲ್ಲಿ ಆ ಜೀವಿಗೆ ಫೈಟಾಫ್ಥೊರಾ ಅಂತ ಹೆಸರಿಟ್ಟ. ಗ್ರೀಕ್‌ನಲ್ಲಿ ಹಾಗಂದ್ರೆ ಗಿಡ ನಾಶಕ.

ಇಲ್ಲೊಂದು ಸ್ವಾರಸ್ಯ ಇದೆ. ಬ್ಯಾಕ್ಟೀರಿಯಾದಿಂದ ಆಂಥ್ರಾಕ್ಸ್ ಬರುತ್ತೆ ಅಂತ ರಾಬರ್ಟ್ ಕಾಖ್ ತೋರಿಸಿದ್ದೂ 1876ರಲ್ಲೇ. ಅಂದ್ರೆ ಸೂಕ್ಷ್ಮಜೀವಿಯೇ ರೋಗದ ಮೂಲ ಅನ್ನೋ ಪಾಠವನ್ನ ವೈದ್ಯರಿಗಿಂತ ಮುಂಚೆ ಕಲಿತವರು ಗಿಡ ನೋಡುತ್ತಿದ್ದವರು.

ಕಾರಣವೇನೋ ಗೊತ್ತಾಯ್ತು. ಮದ್ದು? ಅದು ಸಿಕ್ಕಿದ್ದು ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ. ಅಲ್ಲಿನ ದ್ರಾಕ್ಷಿಗೆ ಅಮೆರಿಕದಿಂದ ಬಂದ ಬೂಸ್ಟು ರೋಗ ತಗುಲಿ ತೋಟಗಳ ಎಲೆ ಉದುರುತ್ತಿತ್ತು. 1882ರಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲಾರ್ಡೆ ಒಂದು ವಿಚಿತ್ರ ಕಂಡರು. ರಸ್ತೆ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗೇ ಇದೆ! ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲಿ ಅಂತ ತೋಟದವರು ಮೈಲುತುತ್ತ, ಸುಣ್ಣ ಕಲಸಿ ಎರಚಿದ್ದರಂತೆ. ನೀಲಿ ಬಣ್ಣ ನೋಡಿ ವಿಷ ಅಂತ ಹೆದರಲಿ ಅನ್ನೋ ಉಪಾಯ. ಕಳ್ಳರ ಕಥೆ ಏನಾಯ್ತೋ, ರೋಗ ಮಾತ್ರ ಹತ್ತಿರ ಸುಳಿದಿರಲಿಲ್ಲ. ಮಿಲಾರ್ಡೆ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು.

ಈಗ ನಮ್ಮೂರಿಗೆ ಬರೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಣ್ಣಿಗೆ ಕಾಣದ ಜೀವಿ ಊರನ್ನೇ ಖಾಲಿ ಮಾಡಿಸಬಲ್ಲದು ಅಂತ ಮೈಸೂರು ಸಂಸ್ಥಾನ ಆಗಲೇ ನೋಡಿತ್ತು. ಹತ್ತು ವರ್ಷದ ನಂತರ, 1908ರಲ್ಲಿ, ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ಯುವಕ ಸಂಸ್ಥಾನದ ಕೃಷಿ ಕೆಲಸಕ್ಕೆ ಸೇರಿದರು. ವಯಸ್ಸು 30ರ ಆಸುಪಾಸು. ಬೆಳೆಗೆ ಬರುವ ಶಿಲೀಂಧ್ರ ರೋಗ ಮತ್ತು ಕೀಟ, ಎರಡೂ ಅವರ ವಿಷಯ. ಮಲೆನಾಡಿನ ಅಡಿಕೆ ಕೊಳೆ ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು. 1910ರಲ್ಲಿ ಅದರ ಬಗ್ಗೆ ವಿವರವಾದ ವರದಿ ಬಂತು. ಅಪರಾಧಿ ಯಾರು? ಫೈಟಾಫ್ಥೊರಾ! ಐರ್ಲೆಂಡಿನ ಆಲೂಗಡ್ಡೆ ಕೊಳೆಸಿದ ಜೀವಿಯ ಹತ್ತಿರದ ನೆಂಟ.

ನಾವು ಸಲೀಸಾಗಿ ಇದನ್ನ ಶಿಲೀಂಧ್ರ ಅಂತೀವಿ. ನಿಜವಾಗಿ ಇದು ಶಿಲೀಂಧ್ರದ ಹಾಗೆ ಕಾಣುವ ಬೇರೆಯದೇ ವಂಶ, ಸಮುದ್ರದ ಕಂದು ಪಾಚಿಗೆ ದೂರದ ಸಂಬಂಧಿ. ಇದರ ಬೀಜಕಣಗಳಿಗೆ ಬಾಲದಂಥ ಎರಡು ಎಳೆಗಳಿವೆ. ಕಾಯಿಯ ಮೇಲೆ ತೆಳ್ಳಗೆ ನೀರಿನ ಪದರ ಇದ್ರೆ ಸಾಕು, ಅದರಲ್ಲೇ ಈಜಿಕೊಂಡು ಹೋಗಿ ಅಂಟಿಕೊಳ್ಳುತ್ತವೆ. ಈಗ ಕೊಟ್ಟೆ ನೆನಪಿಸಿಕೊಳ್ಳಿ. ಹಿರಿಯರು ಮಳೆ ತಡೀತಿದ್ವಿ ಅಂದುಕೊಂಡಿದ್ದರು. ಅವರು ನಿಜಕ್ಕೂ ತಡೀತಿದ್ದದ್ದು ಈ ಈಜುಗಾರನನ್ನ.

ಬೋರ್ಡೋ ಮಾಡೋದೂ ಅದನ್ನೇ. ಕಾಯಿಯ ಮೇಲೆ ತಾಮ್ರದ ತೆಳು ಲೇಪ ಕೂರುತ್ತೆ, ಬೀಜಕಣ ಮೊಳೆಯೋ ಮುಂಚೆ ಸಾಯುತ್ತೆ. ರೋಗ ಒಳಗೆ ಹೊಕ್ಕ ಮೇಲೆ ಹೊಡೆದ್ರೆ ಆ ಕಾಯಿ ಉಳಿಯಲ್ಲ. ಅದಕ್ಕೇ ಮಳೆ ಹಿಡಿಯೋ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹದ ನೋಡೋಕೆ ಕಬ್ಬಿಣದ ಚಾಕು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಸಾಲದು ಅಂತ. ಎಷ್ಟೋ ಮನೆಗಳಲ್ಲಿ ಇದು ಅಜ್ಜನಿಂದ ಮೊಮ್ಮಗನಿಗೆ ಬಂದ ವಿದ್ಯೆ.

ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರ ತನಕ ಸಂಸ್ಥಾನದಲ್ಲಿದ್ದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು ಅವರ ಕಾಲದಲ್ಲೇ. ಆದರೆ ಈ ಕಥೆಯಲ್ಲಿ ಹೆಸರು ದಾಖಲಾಗದ ಇನ್ನೊಬ್ಬರಿದ್ದಾರೆ: ಕೊನೆಗಾರರು. ವರದಿ ಬರೆದ್ರೆ ಮದ್ದು ಮರದ ತುದಿಗೆ ಹೋಗಲ್ಲ. ಜಾರುವ ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ದಾಟಿ, ಪ್ರತಿ ಕೊನೆಗೂ ಹೊಡೆದವರು ಅವರು. ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ಇದ್ದಾರೆ. ಈಗ ಹತ್ತುವವರು ಕಡಿಮೆಯಾಗಿ, ನೆಲದಲ್ಲೇ ನಿಂತು ಹೊಡೆಯುವ ಉದ್ದದ ಫೈಬರ್ ದೋಟಿ ಬಂದಿದೆ.

ಹಾಗಂತ ನೀಲಿ ನೀರಿಗೆ ಬೆಲೆ ಇಲ್ಲದೇ ಇಲ್ಲ. ತಾಮ್ರ ಕರಗಿ ಹೋಗಲ್ಲ, ವರ್ಷ ವರ್ಷ ಮಣ್ಣಲ್ಲಿ ಸೇರ್ತಾ ಹೋಗುತ್ತೆ. ಜಾಸ್ತಿಯಾದ್ರೆ ಎರೆಹುಳುವಿಗೂ, ಮಣ್ಣಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೂ ಪೆಟ್ಟು. ಐರೋಪ್ಯ ಒಕ್ಕೂಟದಲ್ಲಿ ಈಗ ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆಜಿ ತಾಮ್ರ ದಾಟುವ ಹಾಗಿಲ್ಲ. ಮದ್ದು ಹುಟ್ಟಿದ ಫ್ರಾನ್ಸಿಗೂ ಅದೇ ಮಿತಿ.

ಆ ಒಳ್ಳೆಯ ಜೀವಿಗಳು ಯಾಕೆ ಮುಖ್ಯ ಗೊತ್ತಾ? ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನ ಸೊರಗಿಸೋದು ಇನ್ನೊಂದು ಫೈಟಾಫ್ಥೊರಾ. ಅದನ್ನ ಹಿಡಿತದಲ್ಲಿಡೋಕೆ ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಬುಡಕ್ಕೆ ಹಾಕ್ತಾರೆ. ಸೂಕ್ಷ್ಮಜೀವಿಗೆ ಸೂಕ್ಷ್ಮಜೀವಿಯೇ ಕಾವಲು. ಅದಕ್ಕೇ ತಾಮ್ರ ಮತ್ತು ಟ್ರೈಕೋಡರ್ಮಾ ಎರಡನ್ನೂ ಒಟ್ಟಿಗೆ ಕಲಸಬಾರದು. ಕಾವಲುಗಾರನೂ ಸಾಯ್ತಾನೆ.

ಇತ್ತೀಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳಿಗೆ ಎಲೆಚುಕ್ಕಿ ರೋಗ ಬಂದಿದೆ. ಅದರ ಜೀವಿ ಬೇರೆ, ಮದ್ದಿನ ಲೆಕ್ಕ ಬೇರೆ. ವಾಟ್ಸಾಪಿನಲ್ಲಿ ದಿನಕ್ಕೊಂದು ಔಷಧಿಯ ಹೆಸರು ಓಡಾಡುತ್ತೆ. 1846ರಿಂದ 1910ರ ತನಕದ ಈ ಕಥೆಯಲ್ಲಿ ಕೆಲಸ ಮಾಡಿದ ಕ್ರಮ ಒಂದೇ: ಯಾವ ಜೀವಿ, ಅದು ಹೇಗೆ ಹರಡುತ್ತೆ ಅಂತ ಮೊದಲು ತಿಳಿ, ಆಮೇಲೆ ಮದ್ದು ಹಿಡಿ. ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ "ಔಷಧಿ ಹೊಡೆದಾಯ್ತಾ" ಅನ್ನೋದರ ಜೊತೆಗೆ "ಯಾವ ರೋಗ ಅಂತ ಎಲೆ, ಕಾಯಿ ತಗೊಂಡು ಹೋಗಿ ತೋರಿಸಿದ್ರಾ" ಅಂತಾನೂ ಕೇಳಿ.