ನೆಚ್ಚಿಕೆಯ ನದಿ: ವಾರಾಂತ್ಯದ ದೋಣಿವಿಹಾರವೂ ಅಣೆಕಟ್ಟಿನ ನೀರೂ

ಯಾವ ನದಿಯನ್ನು ನೆಚ್ಚಬಹುದು ಎಂಬ ಪ್ರಶ್ನೆ ಹಳೆಯದು. ಆದರೆ ಕೇಳುವವರು ಯಾರೆಂಬುದನ್ನು ಅನುಸರಿಸಿ ಅದರ ಅರ್ಥವೇ ಬದಲಾಗುತ್ತದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಜನರು ಚರ್ಮ ಹೊದಿಸಿದ ಬುಟ್ಟಿಯಾಕಾರದ ಹರಿಗೋಲುಗಳಲ್ಲಿ ಆನೆಗೊಂದಿಗೆ ಹೊಳೆ ದಾಟುತ್ತಿದ್ದುದನ್ನು ಬಣ್ಣಿಸಿದ್ದಾನೆ; ಅವು ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆಂಬುದು ಅವನಿಗೆ ವಿಚಿತ್ರವಾಗಿ ತೋರಿತು. ಆ ಅಂಬಿಗನ ಪಾಲಿಗೆ ನೆಚ್ಚಿಕೆಯ ನದಿಯೆಂದರೆ ದಾಟಗೊಡುವ ನದಿ. ಮುಂಗಾರಿನಲ್ಲಿ ತುಂಗಭದ್ರೆ ಉಕ್ಕಿದರೆ ಅವನು ದಡದಲ್ಲಿ ಕಾದಿರಬಲ್ಲನು. ವಾರಾಂತ್ಯದಲ್ಲಿ ಕಯಾಕ್ ಅಥವಾ ಕನೂವನ್ನು ಹೊತ್ತು ಬರುವ ವಿಹಾರಿಗೆ ಆ ಅನುಕೂಲವಿಲ್ಲ. ಅವನಿಗಿರುವುದು ಎರಡೇ ದಿನ. ಬುಧವಾರ ಸುರಿದ ಮಳೆ ಶುಕ್ರವಾರಕ್ಕೆ ಹರಿದುಹೋಗುವ ನದಿ ಎಷ್ಟು ರಮಣೀಯವಾಗಿದ್ದರೂ ಅವನ ಲೆಕ್ಕಕ್ಕೆ ಬಾರದು.

ಹೀಗಿರುವುದರಿಂದ, ವಾರಾಂತ್ಯಕ್ಕೆ ಒದಗುವ ನದಿಯು ಪ್ರಕೃತಿಯ ಕೊಡುಗೆಯೆನ್ನುವುದಕ್ಕಿಂತ ಇಪ್ಪತ್ತನೆಯ ಶತಮಾನದ ನಿರ್ಮಾಣವೆನ್ನುವುದೇ ಸರಿಯೆಂದು ನಮಗೆ ತೋರುತ್ತದೆ. ಅದರ ಹಿಂದೆ ಅಣೆಕಟ್ಟು, ಕರಾರು, ಹಣ, ವಾಗ್ವಾದಗಳಿವೆ. ವಿಷಯವು ಲಘುವಾಗಿ ಕಾಣುವುದಾದರೂ ಹರಿಯುವ ನೀರಿಗೆ ಒಡೆಯರಾರು ಎಂಬ ಪ್ರಶ್ನೆ ಇದರಲ್ಲಿ ಅಡಗಿರುವುದರಿಂದ ಇತಿಹಾಸಾಭ್ಯಾಸಿಗಳು ಇದನ್ನು ಕಡೆಗಣಿಸತಕ್ಕದ್ದಲ್ಲ.

ದೋಣಿವಿಹಾರದ ಆರಂಭಕಾಲದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. 1865ರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬ ಬ್ರಿಟಿಷ್ ನ್ಯಾಯವಾದಿಯು 'ರಾಬ್ ರಾಯ್' ಎಂಬ ತನ್ನ ಪುಟ್ಟ ಕನೂವಿನಲ್ಲಿ ಯೂರೋಪಿನ ನದಿಗಳನ್ನು ಸುತ್ತಿದಾಗ, ನೀರು ಸಾಲದ ಕಡೆ ದೋಣಿಯನ್ನು ಗಾಡಿಗೋ ರೈಲಿಗೋ ಏರಿಸಿ ಮುಂದೆ ಸಾಗಿದನು. ಅವನಿಗೆ ವಿರಾಮವಿತ್ತು. ಜರ್ಮನಿಯ ರೋಸೆನ್‌ಹೈಮಿನ ಯೋಹಾನ್ ಕ್ಲೆಪ್ಪರನು 1907ರಿಂದ ಮಡಿಸಬಹುದಾದ ದೋಣಿಗಳನ್ನು ತಯಾರಿಸತೊಡಗಿದ ಮೇಲೆ ನಗರದ ನೌಕರನೂ ದೋಣಿಯನ್ನು ಚೀಲದಲ್ಲಿಟ್ಟು ರೈಲು ಹತ್ತುವಂತಾಯಿತು. ದೋಣಿ ಸಿಕ್ಕಿತು, ರೈಲು ಸಿಕ್ಕಿತು, ರಜೆಯೂ ಸಿಕ್ಕಿತು. ಆ ದಿನವೇ ನದಿಯಲ್ಲಿ ನೀರಿರಬೇಕೆಂಬುದೊಂದು ಉಳಿಯಿತು.

ಈ ಕೊರತೆಯು ಹೇಗೆ ತುಂಬಿತೆಂಬುದಕ್ಕೆ ಅಮೆರಿಕದ ಟೆನೆಸಿ ಸಂಸ್ಥಾನದ ಒಕೋಯಿ ನದಿಗಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು. ಜಾರ್ಜಿಯದ ಬೆಟ್ಟಗಳಲ್ಲಿ ಟೊಕೋವಾ ಎಂಬ ಹೆಸರಿನಿಂದ ಹುಟ್ಟುವ ಈ ನದಿಯು ಟೆನೆಸಿಯನ್ನು ಹೊಕ್ಕ ಮೇಲೆ ಒಕೋಯಿ ಎನಿಸಿಕೊಳ್ಳುತ್ತದೆ. ಇದರ ತೀರದ ತಾಮ್ರದ ಗಣಿಪ್ರದೇಶದಲ್ಲಿ ಅದಿರನ್ನು ಬಯಲಿನಲ್ಲಿ ಸುಡುವುದಕ್ಕಾಗಿ ಕಾಡು ಕಡಿದು, ಉಳಿದ ಹಸಿರನ್ನು ಗಂಧಕದ ಹೊಗೆಯಿಂದ ಕೊಂದ ಕಥೆ ಬೇರೆಯೇ ಆದೀತು. ಆ ಹೊಗೆಯ ವಿಷಯವಾಗಿ ಜಾರ್ಜಿಯ ಸಂಸ್ಥಾನವು ಹೂಡಿದ ಮೊಕದ್ದಮೆಯು 1907ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತೆಂದಷ್ಟೇ ಇಲ್ಲಿ ಸೂಚಿಸುತ್ತೇವೆ. ನಮಗೆ ಪ್ರಸ್ತುತವಾದದ್ದು 1913ರಲ್ಲಿ ಪೂರ್ಣಗೊಂಡ ಎರಡನೆಯ ಅಣೆಕಟ್ಟು. ಅಲ್ಲಿ ತಡೆದ ನೀರನ್ನು ನದಿಯ ಪಾತ್ರಕ್ಕೆ ಬಿಡದೆ, ಬೆಟ್ಟದ ಮೈಗೆ ಅಂಟಿಸಿ ಕಟ್ಟಿದ ಮರದ ಹಲಗೆಗಳ ಕಾಲುವೆಯೊಂದರಲ್ಲಿ ಸುಮಾರು 5 ಮೈಲಿ ದೂರ ಒಯ್ದು, ಕೊನೆಯಲ್ಲಿ ಸುಮಾರು 250 ಅಡಿ ಕೆಳಗಿನ ವಿದ್ಯುದಾಗಾರಕ್ಕೆ ಧುಮುಕಿಸುತ್ತಿದ್ದರು. ಕಾಲುವೆಯಲ್ಲಿ ನದಿ ಹರಿಯಿತು, ನದಿಯಲ್ಲಿ ಬಂಡೆಗಳು ಉಳಿದವು. ಪ್ರವಾಹದ ಕಾಲವನ್ನು ಬಿಟ್ಟರೆ ಆ 5 ಮೈಲಿಯ ಪಾತ್ರವು ಅರುವತ್ತಕ್ಕೂ ಹೆಚ್ಚು ವರ್ಷ ಬತ್ತಿದಂತೆಯೇ ಇತ್ತು. ನಡುವೆ, 1939ರಲ್ಲಿ, ಇದು ಟೆನೆಸಿ ಕಣಿವೆ ಪ್ರಾಧಿಕಾರದ ಕೈಗೆ ಬಂತು. ನಮ್ಮ ದಾಮೋದರ ಕಣಿವೆ ನಿಗಮಕ್ಕೆ 1948ರಲ್ಲಿ ಮಾದರಿಯಾದ ಸಂಸ್ಥೆಯೇ ಅದು.

1976ರಲ್ಲಿ ಮರದ ಕಾಲುವೆಯು ಶಿಥಿಲವಾಗಿ ಅಪಾಯಕರವೆನಿಸಿದುದರಿಂದ ಪ್ರಾಧಿಕಾರವು ಅದನ್ನು ನಿಲ್ಲಿಸಿತು. ನೀರಿಗೆ ಬೇರೆ ದಾರಿಯಿಲ್ಲದೆ ಅದು ತನ್ನ ಹಳೆಯ ಪಾತ್ರಕ್ಕೆ ಮರಳಿತು. ಯಾರೂ ಉದ್ದೇಶಿಸದೆ, ಹಲಗೆ ಕೊಳೆತದ್ದರಿಂದ ಒಂದು ನದಿ ಹುಟ್ಟಿತೆನ್ನಬಹುದು! ಕಯಾಕಿನವರು ಬಂದರು, ರಬ್ಬರಿನ ತೆಪ್ಪಗಳಲ್ಲಿ ಜನರನ್ನು ಕರೆದೊಯ್ಯುವ ವ್ಯಾಪಾರಿಗಳೂ ಬಂದರು. ದುರಸ್ತಿ ಮುಗಿದು 1983ರ ಕೊನೆಗೆ ಕಾಲುವೆಯು ಮತ್ತೆ ಸಿದ್ಧವಾಗುವ ವೇಳೆಗೆ ಅವರ ಜೀವನವೃತ್ತಿಯು ಆ ನೀರಿಗೆ ಕಟ್ಟಿಬಿದ್ದಿತ್ತು.

ಇಲ್ಲಿ ಉಭಯ ಪಕ್ಷಗಳ ವಾದವನ್ನೂ ತೂಗಿ ನೋಡಬೇಕು. ಕಾಲುವೆಗೆ ಹೋಗದ ನೀರು ವಿದ್ಯುತ್ತಾಗದು. ಆ ನಷ್ಟವನ್ನು ವಿದ್ಯುತ್ ಬಳಸುವ ಸಾಮಾನ್ಯ ಗ್ರಾಹಕರು, ಅವರಲ್ಲಿ ಎಂದೂ ದೋಣಿ ಹತ್ತದ ಬಡವರು, ಏಕೆ ಹೊರಬೇಕು? ಪ್ರಾಧಿಕಾರದ ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ನದಿಯ ನೀರು ನದಿಯಲ್ಲಿ ಹರಿದರೆ ಅದನ್ನು ನಷ್ಟವೆಂದು ಕರೆಯುವ ಭಾಷೆ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಇನ್ನೊಂದು ಪಕ್ಷಕ್ಕೂ ಇತ್ತು. ತೀರ್ಮಾನವು ತತ್ತ್ವದಿಂದಾಗಲಿಲ್ಲ, ಹಣದಿಂದಾಯಿತು. ನಷ್ಟವಾಗುವ ವಿದ್ಯುತ್ತಿಗೆ ಬದಲಾಗಿ ಅಮೆರಿಕದ ಕಾಂಗ್ರೆಸ್ಸು 74 ಲಕ್ಷ ಡಾಲರುಗಳನ್ನು ಒದಗಿಸಿತು. ಅದು ತೆಪ್ಪದ ಯಾತ್ರಿಕರ ಶುಲ್ಕದಿಂದ 35 ವರ್ಷಗಳಲ್ಲಿ ಮರುಪಾವತಿಯಾಗಬೇಕೆಂದಾಯಿತು. ವರ್ಷದಲ್ಲಿ 116 ದಿನ ನೀರು ಬಿಡತಕ್ಕದ್ದೆಂದು ಗೊತ್ತಾಯಿತು. ವಸಂತ ಮತ್ತು ಶರತ್ಕಾಲಗಳಲ್ಲಿ ಅವು ಮುಖ್ಯವಾಗಿ ಶನಿವಾರ, ಭಾನುವಾರಗಳೇ. ರೈಲಿನ ವೇಳಾಪಟ್ಟಿಯಂತೆ ನದಿಯ ವೇಳಾಪಟ್ಟಿಯೂ ಅಚ್ಚಾಗತೊಡಗಿತು. ಆ ಅವಧಿ ತೀರುತ್ತ ಬಂದಾಗ, 2017ರಲ್ಲಿ, ಟೆನೆಸಿ ಸಂಸ್ಥಾನವೇ 118 ಲಕ್ಷ ಡಾಲರುಗಳನ್ನು ಮಂಜೂರು ಮಾಡಿ ಇನ್ನು 15 ವರ್ಷಗಳ ಮಟ್ಟಿಗೆ ನೀರನ್ನು ಕಾಯ್ದಿರಿಸಿತು.

ಇದೇ ನದಿಯ ಮೇಲ್ಭಾಗದಲ್ಲಿ 1996ರ ಅಟ್ಲಾಂಟ ಒಲಿಂಪಿಕ್ ಕ್ರೀಡೆಗಳ ಕನೂ ಸ್ಲಾಲಮ್ ಸ್ಪರ್ಧೆಗಳು ನಡೆದವು. ಅಲ್ಲಿ ಮೂರನೆಯ ಅಣೆಕಟ್ಟಿನ ನೀರು ಸುರಂಗದ ಮೂಲಕ ಹೋಗುವುದರಿಂದ ಪಾತ್ರವು ಸಾಮಾನ್ಯವಾಗಿ ಒಣಗಿರುತ್ತದೆ. ಸ್ಪರ್ಧೆಗಾಗಿ ಪಾತ್ರವನ್ನು ಕಲ್ಲುಗಳಿಂದ ಕಿರಿದುಗೊಳಿಸಿ, ಗೊತ್ತುಮಾಡಿದ ವೇಳೆಗೆ ನೀರು ಬಿಟ್ಟರು. ಜಗತ್ತು ಕಂಡು ಬೆರಗಾದ ಕಾಡುಹೊಳೆಯ ಆರ್ಭಟವು ಒಬ್ಬ ಎಂಜಿನಿಯರನ ಆಜ್ಞೆಗಾಗಿ ಕಾದಿತ್ತು.

ಪಶ್ಚಿಮ ವರ್ಜೀನಿಯದ ಗಾಲಿ ನದಿಯಲ್ಲಿ ವ್ಯಾಜ್ಯವು ಇಷ್ಟು ಬಿಗಿಯಾಗಲಿಲ್ಲ. ಅಲ್ಲಿನ ಸಮ್ಮರ್ಸ್‌ವಿಲ್ ಅಣೆಕಟ್ಟು (1966) ಪ್ರವಾಹ ತಡೆಗಾಗಿ ಕಟ್ಟಿದ್ದು. ಶರತ್ಕಾಲದಲ್ಲಿ ಜಲಾಶಯವನ್ನು ಹೇಗಿದ್ದರೂ ಇಳಿಸಬೇಕು. ಆ ನೀರನ್ನು ವಿಹಾರಿಗಳಿಗೆ ಅನುಕೂಲವಾದ ದಿನಗಳಲ್ಲಿ ಬಿಡಬೇಕೆಂದು 1986ರ ಶಾಸನವು ವಿಧಿಸಿತು.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ನಿದರ್ಶನವೆಂದರೆ ಕಾಳಿ ನದಿ. ದಾಂಡೇಲಿಯ ಸುತ್ತಮುತ್ತ ಬೇಸಗೆಯಲ್ಲಿಯೂ ತೆಪ್ಪ, ಕಯಾಕ್‌ಗಳು ಇಳಿಯುವುದನ್ನು ಕಂಡವರು ಅದನ್ನು ಸಹ್ಯಾದ್ರಿಯ ಮಳೆಯ ಮಹಿಮೆಯೆಂದು ಭಾವಿಸುತ್ತಾರೆ. ಆದರೆ ಮಳೆ ನಿಂತು ತಿಂಗಳುಗಳಾದ ಮೇಲೆ ಗಣೇಶಗುಡಿಯ ಕೆಳಗೆ ಹರಿಯುವ ನೀರು ಮುಖ್ಯವಾಗಿ ಸೂಪಾ ಅಣೆಕಟ್ಟಿನ ವಿದ್ಯುದಾಗಾರವನ್ನು ಹಾದು ಬಂದದ್ದು. ಯಂತ್ರ ತಿರುಗಿದರೆ ನದಿ ಏರುತ್ತದೆ, ನಿಂತರೆ ಇಳಿಯುತ್ತದೆ. ಆದುದರಿಂದ ಇಲ್ಲಿಯ ದೋಣಿವಿಹಾರದ ಚರಿತ್ರೆಯನ್ನು ಬರೆಯಹೊರಡುವವರಿಗೆ ಮಳೆಯ ಅಂಕಿಗಳಿಗಿಂತ ವಿದ್ಯುದಾಗಾರದ ದಿನಚರಿಯೇ ಹೆಚ್ಚು ಉಪಯುಕ್ತವಾದೀತು.

ಒಕೋಯಿಯಲ್ಲಿ ನೀರಿನ ಬೆಲೆಯನ್ನು ಡಾಲರುಗಳಲ್ಲಿ ಎಣಿಸಿ, ವಿಹಾರಿಯಿಂದಲೇ ವಸೂಲು ಮಾಡುವ ಏರ್ಪಾಡಾಯಿತು. ಕಾಳಿಯ ನೆಚ್ಚಿಕೆಗೆ ಬೆಲೆ ತೆತ್ತವರು ಬೇರೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಊರು ಮುಳುಗಿತು. ಅಲ್ಲಿಂದ ಎದ್ದವರಲ್ಲಿ ಹಲವರು ರಾಮನಗರದಲ್ಲಿ ನೆಲೆಸಿದರು, ತಾಲ್ಲೂಕಿನ ಕೇಂದ್ರವು ಜೋಯಿಡಾಕ್ಕೆ ಸರಿಯಿತು. ಇಂದು ಸೂಪಾ ಎಂದರೆ ಹೊಸಬರಿಗೆ ನೆನಪಾಗುವುದು ಅಣೆಕಟ್ಟು.