ಇಲಿ ಬಿತ್ತು, ಊರು ಬಿಡಿ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೋ ಶಿವಮೊಗ್ಗ ಕಡೆಗೋ ರೈಲಿನಲ್ಲಿ ಹೋಗುವವರಿಗೆ ಅರಸೀಕೆರೆ ಜಂಕ್ಷನ್ ಅಂದರೆ ಇಳಿದು ಒಂದು ಕಾಫಿ ಕುಡಿಯುವ ಜಾಗ, ಅಷ್ಟೇ. ನಮ್ಮ ಕಡೆಯವರಿಗೆ ಅದು ಹೊರಜಗತ್ತಿನ ಬಾಗಿಲು. 1880ರ ದಶಕದ ಕೊನೆಗೆ ಬೆಂಗಳೂರಿನಿಂದ ತುಮಕೂರು, ಅರಸೀಕೆರೆ ಮೇಲೆ ಹರಿಹರದವರೆಗೆ ಹಳಿ ಬಿತ್ತು. ಅಲ್ಲಿಂದಾಚೆ ಹುಬ್ಬಳ್ಳಿ, ಧಾರವಾಡ, ಪುಣೆ. ನಮ್ಮ ತೆಂಗಿನಕಾಯಿ, ಕೊಬ್ಬರಿ ಆ ಬಾಗಿಲಿನಿಂದ ಆಚೆ ಹೋದವು. ಹತ್ತು ವರ್ಷದೊಳಗೆ ಅದೇ ಹಳಿ ಹಿಡಿದು ಪ್ಲೇಗು ಈ ಕಡೆ ಬಂತು.

1896ರಲ್ಲಿ ಬೊಂಬಾಯಿ, ಆಮೇಲೆ ಹುಬ್ಬಳ್ಳಿ-ಧಾರವಾಡ, 1898ರ ಆಗಸ್ಟ್‌ನಲ್ಲಿ ಬೆಂಗಳೂರು. ಬೆಂಗಳೂರಿನಲ್ಲಿ ಆದದ್ದು ನಿಮಗೆ ಗೊತ್ತಿದ್ದೇ ಇರುತ್ತೆ. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳಿಗೆ ಹೋದರು. ಈಗ ನಾವು ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಕೊಟ್ಟು ಮನೆ ಹುಡುಕುವ ಆ ಬಡಾವಣೆಗಳ ಹಿಂದೆ ಸತ್ತ ಇಲಿಗಳ ಕತೆಯೂ ಇದೆ. ಕೋವಿಡ್ ಬಂದಾಗ 2020ರಲ್ಲಿ ನಮ್ಮನ್ನೆಲ್ಲ ಮನೆಯೊಳಗೆ ಕೂರಿಸಲು ಬಳಸಿದ ಕಾಯಿದೆಗಳಲ್ಲಿ ಒಂದು 1897ರದ್ದು, ಅದೇ ಪ್ಲೇಗಿಗಾಗಿ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆ.

ಹಳ್ಳಿಗಳಲ್ಲಿ ಆದದ್ದು ಬೇರೆ. ನಮ್ಮ ಕಡೆ 'ಇಲಿ ಸತ್ತಿತು' ಅನ್ನುವುದಿಲ್ಲ, 'ಇಲಿ ಬಿತ್ತು' ಅಂತಾರೆ. ಅಟ್ಟದಿಂದ, ಸೂರಿನಿಂದ ತೊಪ್ಪನೆ ಕೆಳಗೆ ಬೀಳೋದು. ಒಂದು ಇಲಿ ಬಿದ್ದರೆ ಎಲ್ಲರ ಕಿವಿ ನಿಮಿರುತ್ತಿತ್ತು. ನಾಲ್ಕು ಬಿದ್ದರೆ ಊರು ಹೊರಡುತ್ತಿತ್ತು. ದನ, ಕರು, ರಾಗಿ, ಪಾತ್ರೆ ಎಲ್ಲ ಗಾಡಿಗೆ ಹೇರಿಕೊಂಡು ಊರಾಚೆ ಹೊಲಗಳಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರೋದು. ಒಂದು ಗುಡಿಸಲಿಗೂ ಇನ್ನೊಂದಕ್ಕೂ ನಡುವೆ ಜಾಗ ಬಿಡೋದು. ರೋಗ ಇಳಿದ ಮೇಲೆ ಮನೆಗೆ ಬಿಸಿಲು ಬಿಡಿಸಿ, ಗೋಡೆ ನೆಲ ಸಾರಿಸಿ, ಮಾರಮ್ಮನಿಗೆ ಪೂಜೆ ಕೊಟ್ಟು ಒಳಗೆ ಹೋಗೋದು. ಹಳೇ ಮೈಸೂರು ಸೀಮೆಯ ಯಾವ ಊರಿನ ಹಿರಿಯರನ್ನು ಕೇಳಿದರೂ ಅವರ ಅಪ್ಪ ಅಜ್ಜಂದಿರ ಬಾಯಲ್ಲಿ ಕೇಳಿದ ಇಂಥದ್ದೊಂದು ಕತೆ ಸಿಗುತ್ತೆ.

ಇದರಲ್ಲಿ ನನ್ನಂಥ ಸಾಫ್ಟ್‌ವೇರಿನವನಿಗೆ ರೋಮಾಂಚನ ಆಗುವ ವಿಷಯ ಒಂದಿದೆ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತೆ ಅಂತ ಪೌಲ್-ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಹೇಳಿದ್ದು 1898ರಲ್ಲಿ. ದೊಡ್ಡ ದೊಡ್ಡ ಡಾಕ್ಟರುಗಳು ಅದನ್ನು ಒಪ್ಪುವ ಹೊತ್ತಿಗೆ ಇನ್ನೂ ಎಷ್ಟೋ ವರ್ಷ ಕಳೆದಿತ್ತು. ನಮ್ಮ ಊರಿನವರಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ, ಕಾರಣ ಕೇಳಿದ್ದರೆ ಅಮ್ಮನ ಮುನಿಸು ಅಂದಿರುತ್ತಿದ್ದರು. ಆದರೆ ಮಾಡಿದ ಕೆಲಸ ಸರಿಯಾಗಿತ್ತು. ಸತ್ತ ಇಲಿಯಿಂದ ಹಸಿದ ಚಿಗಟ ಮನುಷ್ಯನ ಮೇಲೆ ಹಾರುವ ಮೊದಲೇ ಜಾಗ ಖಾಲಿ ಮಾಡುವುದು. ರೂಟ್ ಕಾಸ್ ಗೊತ್ತಿಲ್ಲದೆಯೂ ಅಲರ್ಟ್ ನಂಬಿ ರನ್‌ಬುಕ್ ಓಡಿಸಿದರು! ನಮ್ಮ ಆಫೀಸುಗಳಲ್ಲಿ ಅಲರ್ಟ್ ಬಂದರೆ ಮೊದಲು ಮ್ಯೂಟ್ ಮಾಡುವವರೇ ಜಾಸ್ತಿ.

ಇದನ್ನು ಬಂಗಾರದ ಕಾಲ ಅಂತ ತೋರಿಸುವ ಉದ್ದೇಶ ನನಗಿಲ್ಲ. ಜನ ಸಾಲುಸಾಲಾಗಿ ಸತ್ತರು. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಮನೆ ಖಾಲಿ ಮಾಡಿಸುವುದು, ರೋಗಿಯನ್ನು ಬೇರೆ ಇಡುವುದು, ಸರ್ಕಾರ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಪುಣೆಯಲ್ಲಿ ಸಿಪಾಯಿಗಳನ್ನು ಮನೆಗಳಿಗೆ ನುಗ್ಗಿಸಿ ಮಾಡಿದಾಗ, 1897ರ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲೂ ಶ್ರೀರಂಗಪಟ್ಟಣದ ಬಳಿ ಗಲಭೆ ಆಯಿತು. ಊರಿನವರೇ ಕೂತು ಮಾತಾಡಿ ಗಾಡಿ ಕಟ್ಟಿದ ಕಡೆ ಅದೇ ಕೆಲಸ ಗಲಾಟೆಯಿಲ್ಲದೆ ಮುಗಿಯಿತು.

ಮಕ್ಕಳ ಪಾಠ ಏನಾಯಿತು? ನಮ್ಮಜ್ಜಿ ಅವರ ಅಪ್ಪನಿಂದ ಕೇಳಿದ್ದು ಹೇಳ್ತಿತ್ತು: "ಗುಡ್ಲು ಹಾಕ್ಕಂಡಿದ್ದ ತಾವೇ ಹುಣಸೆ ಮರದಡಿ ಐನೋರು ಮರಳ ಮೇಲೆ ಬರೆಸೋರಂತೆ ಕಣ್ಲಾ." ನಾನು ಅದನ್ನು ಅಜ್ಜಿಯ ಕತೆ ಅಂತಲೇ ಇಟ್ಟುಕೊಂಡಿದ್ದೆ, 2020ರ ಆಗಸ್ಟ್‌ವರೆಗೆ. ಶಾಲೆ ಮುಚ್ಚಿದ್ದ ಕಾಲದಲ್ಲಿ ನಮ್ಮ ಸರ್ಕಾರ 'ವಿದ್ಯಾಗಮ' ಶುರು ಮಾಡಿತಲ್ಲ, ಆಗ ಮೇಷ್ಟ್ರುಗಳು ಊರೂರಿಗೆ ಹೋಗಿ ಅರಳಿಕಟ್ಟೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಝೂಮ್ ನಡೆಯುತ್ತಿದ್ದಾಗ ಸಿಗ್ನಲ್ ಇಲ್ಲದ ಹಳ್ಳಿಯಲ್ಲಿ ಹೊಳೆದದ್ದು ನೂರು ವರ್ಷ ಹಳೆಯ ಉಪಾಯವೇ.

ಈಗ ಗೋಡೆಯ ವಿಷಯಕ್ಕೆ ಬರೋಣ. ಹಳೇಬೀಡಿನ ಆಚೆ ಇರುವ, ನಾನು ಓದಿದ ಸರ್ಕಾರಿ ಶಾಲೆಯ ಗೋಡೆಯ ಮೇಲೆ ಈಗ ಒಂದು ಚಾರ್ಟ್ ಇದೆ. ತುರ್ತು ಸಂದರ್ಭದಲ್ಲಿ ಏನು ಮಾಡಬೇಕು ಅಂತ. (ಹಳೇಬೀಡು ಅಂದರೇ ಹಳೆಯ ಬೀಡು. 1311ರಲ್ಲಿ ಮಲಿಕ್ ಕಾಫರ್ ಬಂದು ಹೋದ ಮೇಲೆ ಮತ್ತೆ ಚೇತರಿಸಿಕೊಳ್ಳದೆ ಕೊನೆಗೆ ರಾಜಧಾನಿಯ ಪಟ್ಟವನ್ನೇ ಕಳೆದುಕೊಂಡ ದೋರಸಮುದ್ರ. ತುರ್ತು ಪರಿಸ್ಥಿತಿಯ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆಯ ವಿಳಾಸ ಸಿಗಲಿಕ್ಕಿಲ್ಲ.) ಆ ಚಾರ್ಟಿನ ಮೊದಲ ಸಾಲು: ಭೂಕಂಪವಾದರೆ ಮೇಜಿನ ಕೆಳಗೆ ಕುಳಿತುಕೊಳ್ಳಿ. ಒಂದರಿಂದ ಮೂರನೇ ತರಗತಿ ನಮ್ಮಲ್ಲಿ ನಲಿ-ಕಲಿ. ಮಕ್ಕಳು ಕೂರುವುದು ನೆಲದ ಮೇಲೆ. ಕೋಣೆಯಲ್ಲಿರುವ ಒಂದೇ ಮೇಜು ಮೇಷ್ಟ್ರದು.

ಭೂಮಿ ನಡುಗುವುದೇ ಇಲ್ಲ ಅಂತಲ್ಲ. 2022ರ ಜೂನ್ 23ರ ಬೆಳಗಿನ ಜಾವ ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4 ತೀವ್ರತೆಯ ಕಂಪನ ಆಗಿತ್ತು. ಆದರೆ ನಮ್ಮ ಶಾಲೆಗೆ ನಿಜವಾಗಿ ಹತ್ತಿರದಲ್ಲಿರುವ ಅಪಾಯ ಬೆಂಕಿ, ಅಡುಗೆ ಮತ್ತು ದಾರಿ. ಚಾರ್ಟಿನ ಪಕ್ಕ ನೇತುಹಾಕಿರುವ ಕೆಂಪು ಸಿಲಿಂಡರಿನ ಹಿಂದೆ ಸುಟ್ಟ ಮಕ್ಕಳಿದ್ದಾರೆ. ಇದು ಅಲಂಕಾರದ ಮಾತಲ್ಲ, ಅಕ್ಷರಶಃ ಹೇಳುತ್ತಿದ್ದೇನೆ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಕರ್ನಾಟಕದ ಇಷ್ಟು ದೊಡ್ಡ ದುರಂತ ನಮ್ಮ ವಯಸ್ಸಿನ ಬೆಂಗಳೂರಿಗರಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ತಂಡದ ಹನ್ನೆರಡು ಜನರಲ್ಲಿ ಕೇಳಿದೆ, ಒಬ್ಬರಿಗೂ ಇಲ್ಲ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಹೋದರು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಅಡುಗೆಮನೆಯ ಬೆಂಕಿ ತರಗತಿಯ ಸೋಗೆ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಒಂದೇ ಕಟ್ಟಡದಲ್ಲಿ ಮೂರು ಶಾಲೆ ತುಂಬಿದ್ದರು, ಹೊರಬರುವ ದಾರಿ ಇಕ್ಕಟ್ಟು.

ಇದಾದ ಮೇಲೆ ಅವಿನಾಶ್ ಮೆಹರೋತ್ರಾ ಎಂಬುವರು ಸುಪ್ರೀಂ ಕೋರ್ಟಿಗೆ ಹೋದರು. 2009ರ ಏಪ್ರಿಲ್ 13ರಂದು ತೀರ್ಪು ಬಂತು: ಸಂವಿಧಾನ ಕೊಟ್ಟಿರುವ ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ. ಬೆಂಕಿ ನಂದಿಸುವ ಸಲಕರಣೆ ಇರಬೇಕು, ಅದನ್ನು ಬಳಸಲು ಶಾಲೆಯವರಿಗೆ ತರಬೇತಿ ಇರಬೇಕು, ಕಟ್ಟಡ ಗಟ್ಟಿಯಾಗಿರಬೇಕು. ಆ ಸಿಲಿಂಡರ್ ನಮ್ಮೂರಿನ ಗೋಡೆಗೆ ಬಂದದ್ದು ಈ ದಾರಿಯಲ್ಲಿ. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಾಲಾ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿತು: ಪ್ರತಿ ಶಾಲೆಗೂ ಯೋಜನೆ, ಅಣಕು ಪ್ರದರ್ಶನ, ತಂಡಗಳು. ಓದಿದರೆ ಒಳ್ಳೆಯ ದಾಖಲೆಯೇ. ಕಷ್ಟ ಏನಂದರೆ ಅಷ್ಟೊಂದು ತಂಡಗಳಿಗೆ ನಮ್ಮ ಶಾಲೆಯಲ್ಲಿರುವುದು ಇಬ್ಬರು ಮೇಷ್ಟ್ರು. ಅದರಲ್ಲಿ ಒಬ್ಬರು ಯಾವಾಗಲೂ ಮೀಟಿಂಗ್‌ನಲ್ಲಿ, ಇಲ್ಲವೇ ಗಣತಿಯಲ್ಲಿ, ಇಲ್ಲವೇ ಚುನಾವಣೆಯ ಕೆಲಸದಲ್ಲಿ.

ಹಾಗಾದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ತಪ್ಪದೆ ಶಾಲೆಯಲ್ಲಿರುವವರು ಯಾರು? ಬಿಸಿಯೂಟ ಮಾಡುವ ಅಕ್ಕಂದಿರು.

2002-03ರಲ್ಲಿ ಅಕ್ಷರ ದಾಸೋಹ ಶುರುವಾಗಿ ಶಾಲೆಗೆ ಅಡುಗೆಮನೆ ಬಂದಾಗಿನಿಂದ ಅಪಾಯದ ಅತಿ ಹತ್ತಿರ ನಿಂತಿರುವವರು ಇವರೇ. ಗ್ಯಾಸ್ ಸೋರಿದರೆ ಮೊದಲು ವಾಸನೆ ಹಿಡಿಯುವುದು ಅವರ ಮೂಗು. ಆ ವಾಸನೆಗೂ ಒಂದು ಇತಿಹಾಸ ಇದೆ. ಅಡುಗೆ ಅನಿಲಕ್ಕೆ ಅಷ್ಟು ಗಬ್ಬು ವಾಸನೆ ತಾನಾಗಿ ಇರುವುದಿಲ್ಲ, ಬೇಕಂತಲೇ ಬೆರೆಸುತ್ತಾರೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ಗೊತ್ತಾಗದಂತೆ ಸೋರಿ ತುಂಬಿಕೊಂಡು, ಸ್ಫೋಟಗೊಂಡು, ಸುಮಾರು 300 ಜನ ಸತ್ತರು, ಹೆಚ್ಚಿನವರು ವಿದ್ಯಾರ್ಥಿಗಳು. ಅನಿಲಕ್ಕೆ ವಾಸನೆ ಬೆರೆಸಲೇಬೇಕು ಎಂಬ ಕಾನೂನು ಅಲ್ಲಿ ಬಂದದ್ದು ಅದಾದ ಮೇಲೆ. ನಮ್ಮೂರಿನ ಅಕ್ಕ ಬೆಳಗ್ಗೆ ಬಾಗಿಲು ತೆಗೆದು ಮೂಗು ಮುರಿದು "ಯಾಕೋ ಗ್ಯಾಸು ನಾತ" ಅನ್ನುವಾಗ ಕೆಲಸ ಮಾಡುತ್ತಿರುವುದು ಟೆಕ್ಸಾಸ್‌ನ ಮಕ್ಕಳಿಂದ ಕಲಿತ ಪಾಠ.

ಇನ್ನೊಂದು ಜುಲೈ 16 ಇದೆ. ಕುಂಭಕೋಣಂ ಆಗಿ ಸರಿಯಾಗಿ ಒಂಬತ್ತು ವರ್ಷಕ್ಕೆ, 2013ರಲ್ಲಿ, ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ಎಣ್ಣೆ ಯಾಕೋ ಸರಿಯಿಲ್ಲ ಅಂತ ಅಡುಗೆಯವರು ಮೊದಲೇ ಹೇಳಿದ್ದರು, ಆದರೂ ಅದರಲ್ಲೇ ಮಾಡಿ ಅಂತ ಮೇಲಿನಿಂದ ಹೇಳಲಾಯಿತು ಅಂತ ಆಗಿನ ವರದಿಗಳಲ್ಲಿತ್ತು. ಇಲಿ ಬಿದ್ದಿತ್ತು, ಊರು ಬಿಡಲಿಲ್ಲ.

ಮತ್ತೆ ನಮ್ಮ ಚಾರ್ಟಿಗೆ ಬಂದರೆ, ಅದರಲ್ಲಿ ಹೆಡ್ ಮೇಷ್ಟ್ರ ಹೆಸರಿದೆ, ಎಸ್‌ಡಿಎಂಸಿ ಅಧ್ಯಕ್ಷರ ಹೆಸರಿದೆ, 112 ಇದೆ. ಅಡುಗೆಯ ಅಕ್ಕಂದಿರ ಹೆಸರಿಲ್ಲ. ಸಿಲಿಂಡರಿನ ಪಿನ್ ಎಳೆಯುವುದು ಹೇಗೆ ಅಂತ ಅವರಲ್ಲಿ ಒಬ್ಬರನ್ನು ಕೇಳಿದೆ. "ಅದು ಮೇಷ್ಟ್ರದಪ್ಪ, ನಾವು ಮುಟ್ಟಲ್ಲ" ಅಂದರು.

ದಾರಿಯ ಅಪಾಯದ ವಿಷಯದಲ್ಲಿ ಮಾತ್ರ ನಮ್ಮ ಜಿಲ್ಲೆ ಬೆಂಗಳೂರಿಗಿಂತ ಮುಂದಿದೆ ಅಂತ ನನ್ನ ಅಭಿಪ್ರಾಯ. ಅರಸೀಕೆರೆ ಬಯಲುಸೀಮೆ, ಅಲ್ಲಿ ಆನೆಯ ಚಿಂತೆ ಇಲ್ಲ. ಬೇಲೂರು ದಾಟಿ ಬಿಕ್ಕೋಡಿನ ಕಡೆ, ಆಲೂರು, ಸಕಲೇಶಪುರದ ಕಾಫಿ ತೋಟಗಳ ನಡುವೆ ಮಕ್ಕಳು ನಡೆದು ಹೋಗುವ ರಸ್ತೆಯಲ್ಲೇ ಕಾಡಾನೆ ನಿಂತಿರುತ್ತೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲೇ ವರದಿ ಕೊಟ್ಟಿತು, ಆಲೂರು ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು, ಜಾಗ ಖಾಲಿಯಾಗಲಿಲ್ಲ, ಬೇರೆ ಆನೆ ಬಂದವು. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದೂ ಇಲ್ಲೇ, ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ಜೊತೆ ಕಾದಾಡಿ.

ಉಪಯೋಗಕ್ಕೆ ಬಂದದ್ದು ಸಣ್ಣ ವಿಷಯ. ಅರಣ್ಯ ಇಲಾಖೆಯ ಕಾವಲಿನವರು ಹಿಂಡಿನ ಬೆನ್ನು ಹತ್ತಿ ಎಲ್ಲಿದೆ ಅಂತ ಸುದ್ದಿ ಕೊಡುತ್ತಾರೆ, ಮೊಬೈಲಿಗೆ ಮೆಸೇಜು ಬರುತ್ತೆ, ರಸ್ತೆ ಬದಿಯ ಬೋರ್ಡಿನಲ್ಲಿ ಅಕ್ಷರ ಹೊಳೆಯುತ್ತೆ. ಮಕ್ಕಳಿಗೆ ಬ್ಯಾಗು ಹಾಕುವ ಮೊದಲು ಅಮ್ಮ ವಾಟ್ಸಾಪ್ ನೋಡುತ್ತಾಳೆ. ಆನೆ ಮೇಲಿನ ತೋಟದಲ್ಲಿದ್ದರೆ ಮಗು ಇವತ್ತು ಮನೆಯಲ್ಲಿ. ಯಾವ ಅಣಕು ಪ್ರದರ್ಶನವೂ ಇಲ್ಲ, ಆದರೆ ಪ್ರತಿದಿನ ನಡೆಯುತ್ತೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಈಮೇಲ್ ಬಂದು, ಅಪ್ಪ ಅಮ್ಮಂದಿರು ಸ್ಟ್ಯಾಂಡಪ್ ಕಾಲ್ ಬಿಟ್ಟು ಗೇಟಿನ ಮುಂದೆ ಮುಗಿಬಿದ್ದದ್ದು ನೆನಪಿದೆಯಲ್ಲ? ಹುಸಿ ಅಂತ ಆಮೇಲೆ ಗೊತ್ತಾಯಿತು. ಮಗುವನ್ನು ಯಾವ ಗೇಟಿನಲ್ಲಿ, ಯಾರ ಕೈಗೆ ಕೊಡುತ್ತಾರೆ ಅನ್ನುವುದನ್ನು ಅವತ್ತಿಗೆ ಮುಂಚೆ ಕೇಳಿದ್ದ ಪೋಷಕರು ನನ್ನ ಪರಿಚಯದವರಲ್ಲಿ ಯಾರೂ ಇರಲಿಲ್ಲ.

ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳ ಗುಂಪೊಂದಿದೆ, ಹೆಚ್ಚಿನವರು ಬೆಂಗಳೂರಿನಲ್ಲಿ, ಇಬ್ಬರು ಜರ್ಮನಿಯಲ್ಲಿ. ಈ ವರ್ಷ ಒಟ್ಟಾದ ದುಡ್ಡಿಗೆ ಸ್ಮಾರ್ಟ್ ಟಿವಿ ಕೊಡಿಸಬೇಕು ಅಂತ ಬಹುಮತ. ಫೋಟೋ ಚೆನ್ನಾಗಿ ಬರುತ್ತೆ, ಮೇಲೆ ದಾನಿಗಳ ಹೆಸರು ಬರೆಸಬಹುದು. ನಾನು ಕೇಳಿದ್ದು ಅಡುಗೆಮನೆಗೆ ಅಂಟಿಕೊಂಡ ನಲಿ-ಕಲಿ ಕೋಣೆಗೆ ಎರಡನೇ ಬಾಗಿಲು. ಈಗ ಇರುವ ಒಂದೇ ಬಾಗಿಲು ತೆರೆಯುವುದು ಅಡುಗೆಮನೆಯ ಕಡೆಗೆ, ಅದೂ ಒಳಮುಖವಾಗಿ. ಜೊತೆಗೆ ಗ್ಯಾಸ್ ಸಿಲಿಂಡರ್ ಹೊರಗಿಡಲು ಒಂದು ಜಾಲರಿಯ ಗೂಡು, ಅಕ್ಕಂದಿರಿಗೆ ಅರ್ಧ ದಿನ ಬೆಂಕಿ ಆರಿಸುವ ತರಬೇತಿ. ಬಾಗಿಲಿಗೆ ಯಾರ ಹೆಸರು ಬರೆಸೋದು ಅಂತ ಒಬ್ಬ ನಗುವ ಇಮೋಜಿ ಹಾಕಿದ. ಊರಿನ ಗಾರೆ ಕೆಲಸದವರು ಗೋಡೆ ನೋಡಿ ಹೋಗಿದ್ದಾರೆ, ಚೌಕಟ್ಟು ಸೇರಿ ಎಷ್ಟಾಗುತ್ತೆ ಅಂತ ಭಾನುವಾರ ಹೇಳುತ್ತಾರಂತೆ.